ಉಪ್ಪುನೀರಿನ ಕೊಳ, ಬೋರಲು ಹಾಕಿದ ಕ್ಯಾನುಗಳು

2017ರ ಏಪ್ರಿಲ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ವಿಲೆ ಪಾರ್ಲೆಯ ಒಂದು ಕ್ಲಬ್ಬಿನ ಈಜುಕೊಳದಿಂದ ನಾನು ಗಾಜಿನ ಕೊಳವೆಯಲ್ಲಿ ನೀರು ತೆಗೆದು, ಅದಕ್ಕೆ ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿದೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ತಿರುಗಲಿಲ್ಲ. ಕ್ಲೋರಿನ್ ಸೊನ್ನೆ ಎಂದು ತಿಳಿದು ಎರಡು ಕ್ಯಾನು ಹೈಪೋವನ್ನು, ಅಂದರೆ ದ್ರವರೂಪದ ಕ್ಲೋರಿನ್ನನ್ನು, ಕೊಳಕ್ಕೆ ಸುರಿದೆ. ಆದರೆ ನಾನು ಸುರಿಯುವ ಮೊದಲೇ ನೀರಿನಲ್ಲಿದ್ದ ಕ್ಲೋರಿನ್ ಇರಬೇಕಾದ್ದಕ್ಕಿಂತ ಐದಾರು ಪಟ್ಟು ಹೆಚ್ಚಾಗಿತ್ತು.

ಈ ತಪ್ಪಿನಿಂದ ಕೆಲಸ ಕಳೆದುಕೊಂಡದ್ದು ನಾನಲ್ಲ. ನನ್ನ ಜೊತೆಗಾರ ಮಲ್ಲಪ್ಪಣ್ಣ.

ನಾನು ಮೂವತ್ತೈದು ವರ್ಷ ಆ ಕೊಳದ ನೀರು ನೋಡಿಕೊಂಡವನು. ಕಳೆದ ವರ್ಷ ನಿವೃತ್ತನಾದೆ. ಈಗ ಹೊಸ ಬಿಲ್ಡಿಂಗ್ ಎದ್ದಲ್ಲೆಲ್ಲ ಒಂದು ಈಜುಕೊಳ ಇರುತ್ತದೆ. ದಹಿಸರ್‌ನಲ್ಲಿ ನನ್ನ ಮನೆಯ ಕಿಟಕಿಯಿಂದಲೇ ಮೂರು ಕಾಣುತ್ತವೆ. ಈ ಕೆಲಸಕ್ಕೆ ಸೇರುವ ಹುಡುಗರು ಆಗಾಗ ಬಂದು ಯಂತ್ರದ ಬಗ್ಗೆ ಕೇಳುತ್ತಾರೆ. ಯಂತ್ರದ ಜೊತೆ ಪುಸ್ತಕ ಕೊಟ್ಟಿರುತ್ತಾರೆ, ಓದಿದರೆ ಸಾಕು. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೂಲ್ಕಿ ಕಡೆಯವನು. ಪಾರ್ಲೆ ಸ್ಟೇಷನ್ ಹತ್ತಿರ ಸೋದರಮಾವನ ಹೊಟೇಲಿತ್ತು. ಅಲ್ಲಿ ಲೋಟ ತೊಳೆಯುತ್ತಿದ್ದೆ. ಬೆಳಗಿನ ಇಡ್ಲಿಗೆ ಬರುತ್ತಿದ್ದ ಡಿಸೋಜಾ ಸಾಹೇಬರು ಕ್ಲಬ್ಬಿನ ಕೊಳದ ಮೇಲ್ವಿಚಾರಕರು. "ತೈರ್‌ನಾ ಆತಾ ಹೈ ಕ್ಯಾ?" ಎಂದು ಒಂದು ದಿನ ಕೇಳಿದರು. ನದಿ ದಂಡೆಯಲ್ಲಿ ಹುಟ್ಟಿದವನಿಗೆ ಈಜು ಬರುತ್ತದೆಯೇ ಎಂದು ಕೇಳಿದರೆ ನಗು ಬರದೆ ಇರುತ್ತದೆಯೇ? ಮರುವಾರ ಕ್ಲಬ್ಬಿಗೆ ಸೇರಿದೆ. ಆದರೆ ಮೊದಲ ಎರಡು ವರ್ಷ ನೀರಿಗೆ ಇಳಿದದ್ದು ಕಡಿಮೆ. ಬ್ಲೀಚಿಂಗ್ ಪೌಡರ್ ಕಲಸಿದ್ದೇ ಹೆಚ್ಚು.

ಆಗ ನಮ್ಮಲ್ಲಿ ಉಪ್ಪಿನ ಯಂತ್ರ ಇರಲಿಲ್ಲ. ಡ್ರಮ್ಮಿನಲ್ಲಿ ಬ್ಲೀಚಿಂಗ್ ಪೌಡರ್ ಕದಡಿ ಇಡಬೇಕು. ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಗ್ಗಿನಲ್ಲಿ ತೆಗೆದು ಕೊಳದ ಸುತ್ತ ನಡೆಯುತ್ತ ಚೆಲ್ಲಬೇಕು. ಕಾಲಿನ ರೋಮ ಬೆಳ್ಳಗಾಗುತ್ತಿತ್ತು. ಡಿಸೋಜಾ ಸಾಹೇಬರು ಬಂದು, ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಪೆಹಲೇ ನಾಕ್, ಬಾದ್ ಮೇ ಕಿತಾಬ್" ಎನ್ನುವುದು ಅವರ ಮಾತು. ಮೊದಲು ಮೂಗು, ಆಮೇಲೆ ಪುಸ್ತಕ. ಮೂಗು ಹೇಳಿದ್ದನ್ನು ಹಳದಿ ಬಣ್ಣದ ಹನಿಯಿಂದ ಪರೀಕ್ಷಿಸುತ್ತಿದ್ದರು. ಕ್ಲೋರಿನ್ ಕಡಿಮೆ ಇದ್ದರೆ ತಿಳಿ ಹಳದಿ. ಹೆಚ್ಚಾದರೆ ಕಿತ್ತಳೆ. ಬಹಳ ಹೆಚ್ಚಾದರೆ ಇಟ್ಟಿಗೆ ಬಣ್ಣ. ಬಣ್ಣವೇ ಬರದಿದ್ದರೆ ಕ್ಲೋರಿನ್ ಇಲ್ಲ ಎಂದರ್ಥ. ಇಪ್ಪತ್ತು ವರ್ಷ ನನ್ನ ಕಣ್ಣು ಈ ಪಾಠ ಕಲಿಯಿತು.

ಡಿಸೋಜಾ ಸಾಹೇಬರು ನಿವೃತ್ತರಾಗಿ ವಸಾಯಿಗೆ ಹೋದ ಮೇಲೆ ಕೊಳ ನಮ್ಮಿಬ್ಬರ ಕೈಗೆ ಬಂತು. ಬೆಳಗಿನ ಪಾಳಿ ನನ್ನದು, ಸಂಜೆಯದು ಮಲ್ಲಪ್ಪಣ್ಣನದು. ಅವರು ವಿಜಯಪುರ ಜಿಲ್ಲೆಯವರು, ಧಾರಾವಿಯಲ್ಲಿ ಮನೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಈಜು ಬರುತ್ತಿರಲಿಲ್ಲ. ಕೊನೆಯವರೆಗೂ ಕಲಿಯಲಿಲ್ಲ.

"ನಮ್ಮೂರಾಗ ಇಷ್ಟ ನೀರ ಒಂದ ಕಡೆ ನೋಡಿದ್ರ ಕೈ ಮುಗಿತಾರ. ನೀವು ಅದರಾಗ ಕಾಲ ಬಡಿತೀರಿ" ಎನ್ನುತ್ತಿದ್ದರು.

"ಒಂದು ಸಲ ಇಳಿದು ನೋಡಿ ಮಾರಾಯ್ರೆ, ನಾನು ಹಿಡ್ಕೊಳ್ತೇನೆ."

"ನೀ ಹಿಡಿತಿ, ಖರೆ. ನಿನ್ನ ಯಾರು ಹಿಡಿತಾರ?"

ಈಜು ಬಾರದ ಮನುಷ್ಯನಿಗೆ ನೀರಿನ ಬಗ್ಗೆ ಇದ್ದ ಎಚ್ಚರ ನನಗಿರಲಿಲ್ಲ. ಮಧ್ಯಾಹ್ನದ ರೀಡಿಂಗ್ ಶುರುವಾದದ್ದು ಅವರಿಂದ. ನಾವು ರೀಡಿಂಗ್ ತೆಗೆಯುತ್ತಿದ್ದದ್ದು ಬೆಳಿಗ್ಗೆ ಮಾತ್ರ. ರಾತ್ರಿಯಿಡೀ ಬಿಸಿಲಿಲ್ಲದ ನೀರು ಬೆಳಿಗ್ಗೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. "ಬಿಸಲು ಕ್ಲೋರಿನ್ ತಿಂತದ. ಮೂರು ಗಂಟೇಕ್ಕ ನೋಡು" ಎಂದು ಅವರು ಒಂದು ದಿನ ಕೊಳವೆ ತಂದು ತೋರಿಸಿದರು. ಬೆಳಿಗ್ಗೆ ಮೂರು ಇದ್ದದ್ದು ಒಂದಕ್ಕೂ ಕೆಳಗೆ, ಅರ್ಧಕ್ಕೆ, ಇಳಿದಿತ್ತು. ಒಂದರಿಂದ ಮೂರರೊಳಗೆ ಇರಬೇಕು ಎನ್ನುವುದು ನಿಯಮ. ನಾಲ್ಕು ಗಂಟೆಗೆ ಶಾಲೆ ಮಕ್ಕಳ ತಂಡ ಬರುತ್ತಿತ್ತು. ಅಷ್ಟು ವರ್ಷ ಆ ಮಕ್ಕಳು ಯಾವ ನೀರಿನಲ್ಲಿ ಈಜಿದ್ದರು ಎಂಬುದಕ್ಕೆ ದಾಖಲೆ ಇಲ್ಲ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಒಂದು ಪುಡಿ ಇದೆ. ಅದನ್ನು ಹಾಕಲು ಶುರುಮಾಡಿದ್ದು ಅದಾದ ಮೇಲೆ.

2011ರ ಮಳೆಗಾಲ ಮುಗಿದ ಮೇಲೆ ಕ್ಲಬ್ಬಿನ ಕಮಿಟಿ ಉಪ್ಪಿನ ಯಂತ್ರ ತರಿಸಿತು. ಅದರ ಕೆಲಸ ಸರಳ. ನೀರಿಗೆ ಉಪ್ಪು ಹಾಕಬೇಕು, ಸಮುದ್ರದ ನೀರಿನಲ್ಲಿ ಇರುವುದರ ಹತ್ತರಲ್ಲಿ ಒಂದು ಪಾಲಿನಷ್ಟು. ಆ ನೀರು ಯಂತ್ರದೊಳಗಿನ ಲೋಹದ ಪಟ್ಟಿಗಳ ನಡುವೆ ಹರಿಯುವಾಗ ವಿದ್ಯುತ್ತಿನಿಂದ ಉಪ್ಪು ಒಡೆದು ಕ್ಲೋರಿನ್ ಆಗುತ್ತದೆ. ಕೆಲಸ ಮುಗಿಸಿದ ಕ್ಲೋರಿನ್ ಮತ್ತೆ ಉಪ್ಪಾಗುತ್ತದೆ. ಹುಡುಗರು ಇದೊಂದನ್ನು ನೆನಪಿಟ್ಟರೆ ಸಾಕು: ನೀರನ್ನು ಶುದ್ಧ ಮಾಡುವುದು ಉಪ್ಪಲ್ಲ, ಉಪ್ಪಿನಿಂದ ಹುಟ್ಟುವ ಕ್ಲೋರಿನ್.

ಆದರೆ ಕಮಿಟಿಗೆ ಯಂತ್ರ ಮಾರಿದವನು ಹಾಗೆ ಹೇಳಿರಲಿಲ್ಲ. ಕ್ಲೋರಿನ್ ಬೇಕಿಲ್ಲದ ಕೊಳ ಎಂದಿದ್ದ. ಕ್ಲಬ್ಬಿನ ಗೇಟಿನಲ್ಲಿ ಇಂಗ್ಲಿಷಿನಲ್ಲಿ ಬೋರ್ಡ್ ಬಂತು: ಉಪ್ಪುನೀರಿನ ಕೊಳ, ಕ್ಲೋರಿನ್‌ಮುಕ್ತ. ಸದಸ್ಯರಿಗೆ ಸಂತೋಷವಾಯಿತು. ಕೂದಲು ಉದುರುವುದು ನಿಂತಿತು ಎಂದರು. ಕಣ್ಣು ತಂಪಾಯಿತು ಎಂದರು. ಯಂತ್ರ ಬರುವ ಮೊದಲೇ ಹಳದಿ ಹನಿ ಹೋಗಿ ಮಾತ್ರೆ ಬಂದಿತ್ತು. ಬೆಳಿಗ್ಗೆ ನಾನು ಮಾತ್ರೆ ಹಾಕಿ ನೋಡಿದರೆ ಗುಲಾಬಿ ಬಣ್ಣ ಮೊದಲಿಗಿಂತ ಗಾಢ.

ಮೊದಲ ವರ್ಷದ ತಪ್ಪುಗಳು ಬಹಳ. ಕಮಿಟಿಯವರು ಭಾಯಂದರ್ ಕಡೆಯ ಉಪ್ಪಿನ ಗದ್ದೆಯಿಂದ ಕಲ್ಲುಪ್ಪು ತರಿಸಿದರು. ಮಣ್ಣು ಬೆರೆತ ಉಪ್ಪು. ಎರಡು ದಿನದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮಲ್ಲಪ್ಪಣ್ಣ ದಂಡೆಯಲ್ಲಿ ನಿಂತು "ಹಾಲ ಹಾಕ್ರಿ, ಸಕ್ರಿ ಹಾಕ್ರಿ" ಎಂದರು. ಪೂರ್ತಿ ಖಾಲಿ ಮಾಡಿ ತೊಳೆದೆವು. ಜುಲೈ ಬಂತು. ಮಳೆ ಬಿದ್ದು ನೀರು ಉಕ್ಕಿ ಹೊರಗೆ ಹೋಯಿತು, ಜೊತೆಗೆ ಉಪ್ಪೂ. ಉಪ್ಪು ಸಾಲದೆ ಯಂತ್ರ ಕೆಂಪು ದೀಪ ಹಾಕಿ ಸುಮ್ಮನಾಯಿತು. ಬೇಸಿಗೆಯಲ್ಲಿ ಟ್ಯಾಂಕರಿನ ಗಡಸು ನೀರು ಹಾಕಿದಾಗ ಪಟ್ಟಿಗಳ ಮೇಲೆ ಸುಣ್ಣ ಕಟ್ಟಿತು; ಯಂತ್ರ ಓಡಿತು, ಕ್ಲೋರಿನ್ ಮಾತ್ರ ಬರಲಿಲ್ಲ. ತೆಳು ಆಸಿಡ್‌ನಲ್ಲಿ ಅದ್ದಿ ತೊಳೆಯಬೇಕು. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು. ನನ್ನ ಎಡಗೈ ಮೇಲಿನ ಕಲೆಯನ್ನು ಹುಡುಗರಿಗೆ ತೋರಿಸುತ್ತೇನೆ, ಅವರು ಮತ್ತೆ ಕೇಳುವುದಿಲ್ಲ.

ಹೀಗೆ ಯಂತ್ರ ಕೈಕೊಟ್ಟಾಗಲೆಲ್ಲ, ಮತ್ತು ಸ್ಪರ್ಧೆ ಇದ್ದು ನೂರಾರು ಮಕ್ಕಳು ನೀರಿಗಿಳಿದ ದಿನ, ನಾವು ಹೈಪೋ ಹಾಕುತ್ತಿದ್ದೆವು. ಹಾಕಿದ್ದನ್ನು ರೀಡಿಂಗ್ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಪುಸ್ತಕ ಗೇಟಿನಲ್ಲಿ ಇರುತ್ತಿತ್ತು, ಸದಸ್ಯರು ತಿರುವಿ ನೋಡುತ್ತಿದ್ದರು. ಒಬ್ಬರು ಹೈಪೋ ಎಂದರೇನು ಎಂದು ಸೆಕ್ರೆಟರಿಯನ್ನು ಕೇಳಿದರು.

ಸೆಕ್ರೆಟರಿ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. "ಬಾಹರ್ ಬೋರ್ಡ್ ಪೇ ಕ್ಯಾ ಲಿಖಾ ಹೈ? ಆಜ್ ಸೇ ಬುಕ್ ಮೇ ಹೈಪೋ ಕಾ ನಾಮ್ ನಹೀ ಚಾಹಿಯೇ" ಎಂದರು. ಹಾಕಬೇಡಿ ಎಂದು ಹೇಳಲಿಲ್ಲ. ಪುಸ್ತಕದಲ್ಲಿ ಹೈಪೋ ಹೆಸರು ಬರೆಯಬೇಡಿ ಎಂದರು. ಅದನ್ನೂ ಬರೆದು ಕೊಡಲಿಲ್ಲ.

ಬರೆಯದಿದ್ದರೆ ಸಂಜೆಯವನು ಹಾಕಿದ್ದು ಬೆಳಗಿನವನಿಗೆ ತಿಳಿಯುವುದು ಹೇಗೆ? ನನ್ನ ಪಾಳಿ ಮುಗಿಯುವ ಹೊತ್ತಿಗೆ ಮಲ್ಲಪ್ಪಣ್ಣ ಬರುತ್ತಿದ್ದರು, ಆಗ ಬಾಯಲ್ಲಿ ಹೇಳಬಹುದು. ಆದರೆ ಅವರು ಮನೆಗೆ ಹೋದ ಮೇಲೆ ನಾನು ಬರುವುದು ಮರುದಿನ. ಅದಕ್ಕೆ ಮಲ್ಲಪ್ಪಣ್ಣ ಒಂದು ಉಪಾಯ ಮಾಡಿದರು. ಖಾಲಿಯಾದ ಕ್ಯಾನನ್ನು ಫಿಲ್ಟರ್ ಕೋಣೆಯ ಬಾಗಿಲಿನ ಪಕ್ಕ ಬೋರಲು ಹಾಕಿಡುವುದು. ಒಂದು ಬೋರಲು ಇದ್ದರೆ ಒಂದು ಕ್ಯಾನು ಹಾಕಿದೆ, ಎರಡಿದ್ದರೆ ಎರಡು. ನೋಡಿದವನು ಅದನ್ನು ಎತ್ತಿ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಐದು ವರ್ಷ ಈ ಕ್ರಮ ಒಮ್ಮೆಯೂ ತಪ್ಪಲಿಲ್ಲ. ಕ್ಲಬ್ಬಿನಲ್ಲಿ ನಮ್ಮಿಬ್ಬರ ಹೊರತು ಯಾರಿಗೂ ಇದು ಗೊತ್ತಿರಲಿಲ್ಲ.

ಆ ಶುಕ್ರವಾರ ಶಾಲೆಗಳ ನಡುವಿನ ಸ್ಪರ್ಧೆ ಇತ್ತು. ಮಧ್ಯಾಹ್ನ ಹೊರಡುವಾಗ ನಾನು ಯಂತ್ರವನ್ನು ಪೂರ್ತಿ ಜೋರಿಗೆ ಇಟ್ಟಿದ್ದೆ. ಸಂಜೆ ಮಕ್ಕಳು ಹೋದ ಮೇಲೆ ಮಲ್ಲಪ್ಪಣ್ಣ ಎರಡು ಕ್ಯಾನು ಹಾಕಿ, ಬಾಗಿಲ ಬಳಿ ಬೋರಲು ಇಟ್ಟು ಮನೆಗೆ ಹೋದರು. ಅವರ ಹಿಂದೆಯೇ ಪೆಂಡಾಲಿನವರು ಕುರ್ಚಿ ಒಯ್ಯಲು ಬಂದರು. ದಾರಿಗೆ ಅಡ್ಡ ಇದ್ದ ಎರಡು ಕ್ಯಾನನ್ನು ಎತ್ತಿ ಮೂಲೆಯಲ್ಲಿ ಉಳಿದವುಗಳ ಜೊತೆ ನೆಟ್ಟಗೆ ನಿಲ್ಲಿಸಿದರು. ಇದು ನನಗೆ ತಿಳಿದದ್ದು ಆಮೇಲೆ.

ಬೆಳಿಗ್ಗೆ ಬಾಗಿಲ ಬಳಿ ಏನೂ ಇರಲಿಲ್ಲ. ಕೊಳವೆಯಲ್ಲಿ ಬಣ್ಣವೂ ಬರಲಿಲ್ಲ. ಸ್ಪರ್ಧೆಯಲ್ಲಿ ಕ್ಲೋರಿನ್ ಪೂರ್ತಿ ಮುಗಿದಿದೆ, ಮಲ್ಲಪ್ಪಣ್ಣ ಏನೂ ಹಾಕಿಲ್ಲ ಎಂದುಕೊಂಡೆ. ಸೊನ್ನೆಯನ್ನು ಪುಸ್ತಕದಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಇರಲಿಲ್ಲ. ಹೈಪೋ ಹಾಕಿ, ಬಣ್ಣ ಬಂದ ಮೇಲೆ ಆ ಅಂಕೆಯನ್ನು ಬರೆಯುತ್ತಿದ್ದೆವು. ಎರಡು ಕ್ಯಾನು ಸುರಿದು, ಖಾಲಿ ಕ್ಯಾನುಗಳನ್ನು ಬಾಗಿಲ ಬಳಿ ಬೋರಲು ಇಟ್ಟೆ. ಹಾಕಿದ್ದು ನೀರಿನಲ್ಲಿ ಬೆರೆಯಲಿ, ಆಮೇಲೆ ಪರೀಕ್ಷಿಸಿದರಾಯಿತು ಎಂದು ಆರೂ ಮುಕ್ಕಾಲಿಗೆ ಗೇಟು ತೆಗೆದೆ. ಒಂಬತ್ತು ಜನ ನೀರಿಗಿಳಿದರು.

ನನ್ನ ಮೂಗು ಏನೂ ಹೇಳಲಿಲ್ಲ. ಅಷ್ಟು ವರ್ಷ ಆ ಗಾಳಿಯಲ್ಲಿ ಇದ್ದವನ ಮೂಗಿಗೆ ವಾಸನೆ ಹತ್ತುವುದು ನಿಂತು ಬಹಳ ಕಾಲವಾಗಿತ್ತು.

ಏಳೂ ಕಾಲಿಗೆ ಕುಸುಮಾ ಟೀಚರ್ ಕೊಳದ ಮೆಟ್ಟಿಲು ಹತ್ತಿ ನೀರಿನಿಂದ ಮೇಲೆ ಬಂದರು. ಅವರು ಉಪನಗರದ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಮೈಸೂರಿನವರು. ಮೊಣಕಾಲಿನ ಆಪರೇಷನ್ ಆದ ಮೇಲೆ ದಿನವೂ ನೀರಿನಲ್ಲಿ ನಡೆಯಲು ಬರುತ್ತಿದ್ದರು.

"ಬಂಗೇರ ಅವರೇ, ಕಣ್ಣು ತುಂಬಾ ಉರೀತಿದೆ. ಏನಾದ್ರೂ ಹಾಕಿದ್ದೀರಾ?"

"ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ್ಕೊಳ್ಳಿ ಟೀಚರ್, ನೋಡ್ತೇನೆ."

ಅಷ್ಟರಲ್ಲಿ ಆಳದ ಕಡೆ ಒಬ್ಬ ಹಿರಿಯರು ಕೆಮ್ಮತೊಡಗಿದರು. ನಾನು ಮತ್ತೆ ನೀರು ತೆಗೆದು, ಮಾತ್ರೆ ಹಾಕಿ, ಈ ಸಲ ಕೊಳವೆಯಿಂದ ಕಣ್ಣು ತೆಗೆಯದೆ ನಿಂತೆ. ಮಾತ್ರೆ ನೀರಿಗೆ ತಾಗಿದ ಕ್ಷಣ ಗುಲಾಬಿ ಬಣ್ಣ ಮಿಂಚಿತು. ಮರುಕ್ಷಣ ಮಾಯವಾಯಿತು. ಕುಡಿಯುವ ನೀರಿನ ಬಾಟಲಿ ತೆಗೆದು, ಒಂದು ಪಾಲು ಕೊಳದ ನೀರಿಗೆ ಹತ್ತು ಪಾಲು ಅದನ್ನು ಬೆರೆಸಿ ಮತ್ತೆ ಮಾತ್ರೆ ಹಾಕಿದೆ. ಗಾಢ ಗುಲಾಬಿ. ಕ್ಲೋರಿನ್ ವಿಪರೀತ ಇದ್ದರೆ ಅದು ಪರೀಕ್ಷೆಯ ಬಣ್ಣವನ್ನೇ ಅಳಿಸಿಬಿಡುತ್ತದೆ. ಹಳೆಯ ಹಳದಿ ಹನಿಗೆ ಈ ಗುಣ ಇರಲಿಲ್ಲ. ಮಾತ್ರೆಯ ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕರೆದೆ. ಯಂತ್ರ ನಿಲ್ಲಿಸಿದೆ. ಕೆಮ್ಮುತ್ತಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದರು. ಮಧ್ಯಾಹ್ನ ಮನೆಗೆ ಬಿಟ್ಟರು. ಕುಸುಮಾ ಟೀಚರ್ ಕಣ್ಣು ಸರಿಯಾಗಲು ನಾಲ್ಕು ದಿನ ಬೇಕಾಯಿತು. ಕೊಳ ಅಷ್ಟೇ ದಿನ ಮುಚ್ಚಿತ್ತು. ಏಪ್ರಿಲ್ ಬಿಸಿಲು ಕ್ಲೋರಿನ್ನನ್ನು ತಿಂದು ಮುಗಿಸಿತು.

ಸೋಮವಾರ ಸಂಜೆ ಐದಕ್ಕೆ ಕಮಿಟಿ ಕೋಣೆಯಲ್ಲಿ ವಿಚಾರಣೆ. ಮೇಜಿನ ಪಕ್ಕ, ಬಾಗಿಲ ಬಳಿ ಸಿಕ್ಕ ಎರಡು ಖಾಲಿ ಕ್ಯಾನು ಇಟ್ಟಿದ್ದರು. ಸೆಕ್ರೆಟರಿ ಸಾಹೇಬರು ಪುಸ್ತಕ ತೆರೆದು, ಶುಕ್ರವಾರ ಹೈಪೋ ಹಾಕಿದ್ದಕ್ಕೆ ದಾಖಲೆ ಇಲ್ಲ ಎಂದರು.

"ಯೇ ದೋ ಕ್ಯಾನ್ ಕಿಸಕೇ ಹೈ?" ಈ ಎರಡು ಕ್ಯಾನು ಯಾರದು ಎಂದು ಕೇಳಿದರು.

ಮಲ್ಲಪ್ಪಣ್ಣ ಕ್ಯಾನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ದೋ ಕ್ಯಾನ್ ಮೈನೇ ಡಾಲಾ ಸಾಬ್" ಎಂದರು. ಎರಡು ಕ್ಯಾನು ನಾನೇ ಹಾಕಿದ್ದು.

"ಬುಕ್ ಮೇ ಕ್ಯೋಂ ನಹೀ ಲಿಖಾ?" ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ?

"ಆಪ್ ನೇ ಹೀ ತೋ ಮನಾ ಕಿಯಾ ಥಾ."

ನೀವೇ ಬೇಡ ಎಂದದ್ದು, ಎಂಬ ಈ ಮಾತಿಗೆ ಸೆಕ್ರೆಟರಿ ಸಾಹೇಬರು ಕಮಿಟಿಯ ಕಡೆ ತಿರುಗಿ, ಹೀಗೆ ಹೇಳಲು ತನಗೇನು ಹುಚ್ಚೇ ಎಂದು ಕೇಳಿದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ವಿಚಾರಣೆ ಮುಗಿಯಿತು. ಅನುಮತಿ ಇಲ್ಲದೆ ರಾಸಾಯನಿಕ ಸುರಿದು ಸದಸ್ಯರಿಗೆ ಹಾನಿ ಮಾಡಿದ್ದಾರೆ ಎಂದು ಮೆಮೊ ಬರೆದು, ಮಲ್ಲಪ್ಪಣ್ಣನಿಗೆ ನಾಳೆಯಿಂದ ಬರಬೇಡಿ ಎಂದರು. ನಿವೃತ್ತಿಗೆ ಅವರಿಗೆ ಮೂರು ವರ್ಷ ಇತ್ತು.

ಮರುವಾರ ಕುಸುಮಾ ಟೀಚರ್ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬ.

"ನೀವು ಸೀಟಿ ಊದದಿದ್ರೆ ಉಳಿದವರೆಲ್ಲ ಇನ್ನೂ ನೀರಲ್ಲೇ ಇರ್ತಿದ್ರು. ತಗೊಳ್ಳಿ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ನೀವೇನೂ ಹಾಕಿರಲಿಲ್ಲ ತಾನೆ?"

"ಇಲ್ಲ ಟೀಚರ್" ಎಂದೆ.

ಅದೇ ದಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಬಂತು. ಸಮಯಪ್ರಜ್ಞೆಯಿಂದ ಸದಸ್ಯರನ್ನು ಕಾಪಾಡಿದ್ದಕ್ಕೆ ಕಮಿಟಿಯ ಕೃತಜ್ಞತೆ. ಅದನ್ನು ಓದಿ ಬಂದವರೆಲ್ಲ ಕೈಕುಲುಕಿದರು. ಎರಡು ದಿನ ಕುಲುಕಿಸಿಕೊಂಡೆ. ಮೂರನೇ ದಿನ ಪಾಳಿ ಮುಗಿಸಿ ಧಾರಾವಿಗೆ ಹೋದೆ.

ಮಲ್ಲಪ್ಪಣ್ಣ ಭಾವಮೈದುನನ ಬೆಲ್ಟಿನ ಕಾರ್ಖಾನೆಯಲ್ಲಿ ಕೂತು ತೊಗಲಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ನನ್ನನ್ನು ನೋಡಿ ಸುತ್ತಿಗೆ ನಿಲ್ಲಿಸಲಿಲ್ಲ.

"ಬಾ ತಮ್ಮಾ. ನೀರ ಹೆಂಗದ?"

"ಸರಿ ಉಂಟು."

"ಬೆಳಿಗ್ಗೆ ಎಷ್ಟು?"

"ಎರಡೂವರೆ."

"ಮೂರು ಗಂಟೇದು?"

ಅವರು ಹೋದ ಮೇಲೆ ಮಧ್ಯಾಹ್ನದ ರೀಡಿಂಗ್ ಯಾರೂ ತೆಗೆದಿರಲಿಲ್ಲ.

"ಮಲ್ಲಪ್ಪಣ್ಣ, ಆ ಕ್ಯಾನು ನನ್ನದು ಅಂತ ನಿಮಗೆ ಗೊತ್ತಿತ್ತಲ್ಲ?"

"ನಾ ಹಾಕಿದ್ದು ಹಸರ ಮುಚ್ಚಳದ್ದು. ಅಲ್ಲಿದ್ದವು ಕೆಂಪು. ನನಗೇನು ಕಣ್ಣಿಲ್ಲೇನು?"

"ಮತ್ತೆ ಯಾಕೆ ಹೇಳಲಿಲ್ಲ ಮಾರಾಯ್ರೆ?"

"ಎರಡು ಕ್ಯಾನ ನಾನೂ ಹಾಕೀನಲ್ಲೋ. ಸುಳ್ಳ ಹೇಳ್ಲಿಲ್ಲ ನಾ." ಅವರು ಇನ್ನೊಂದು ಪಟ್ಟಿ ತೆಗೆದುಕೊಂಡರು. "ಉಳದ ಎರಡು ನೀ ಹೇಳ್ತಿ ಅಂತ ಕುಂತಿದ್ದೆ."

ಅವರ ಹೆಂಡತಿ ಒಳಗಿನಿಂದ ಚಹಾ ತಂದರು. ಕುಡಿದೆ. ಎದ್ದು ನೇರವಾಗಿ ಪಾರ್ಲೆಗೆ, ಕುಸುಮಾ ಟೀಚರ್ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ.

"ನಾನು ಕೇಳಿದಾಗ ಇಲ್ಲ ಅಂದ್ರಿ."

"ಹೌದು ಟೀಚರ್."

ಅವರು ಕನ್ನಡಕ ತೆಗೆದು ಒರೆಸಿದರು. "ಒಳಗೆ ಬನ್ನಿ, ಕೂತ್ಕೊಳ್ಳಿ. ಶುಕ್ರವಾರದಿಂದ ಹೇಳಿ, ಒಂದೂ ಬಿಡಬೇಡಿ. ನಾನು ಇಂಗ್ಲಿಷಲ್ಲಿ ಬರೀತೀನಿ. ಸಹಿ ನಿಮ್ಮದು."

ಎರಡು ಪುಟ ಆಯಿತು. ಬೋರಲು ಹಾಕುವ ಕ್ರಮ, ಸೆಕ್ರೆಟರಿ ಸಾಹೇಬರ ಮಾತು, ನನ್ನ ಎರಡು ಕ್ಯಾನು, ಬಣ್ಣ ಬಾರದ ಕೊಳವೆ, ಎಲ್ಲ ಇತ್ತು. ಮರುದಿನ ಕಮಿಟಿಗೆ ಕೊಟ್ಟೆ.

ಕಮಿಟಿ ಮತ್ತೆ ಸೇರಿತು. ನನ್ನನ್ನು ಒಂದು ತಿಂಗಳು ಮನೆಯಲ್ಲಿ ಕೂರಿಸಿತು. ನೋಟಿಸ್ ಬೋರ್ಡಿನ ಕಾಗದ ತೆಗೆಯಿತು. ಗೇಟಿನ ಬೋರ್ಡಿನಿಂದ ಕ್ಲೋರಿನ್‌ಮುಕ್ತ ಎಂಬ ಮಾತನ್ನು ಅಳಿಸಿತು. ಪುಸ್ತಕದಲ್ಲಿ ಹೈಪೋಗೆ ಬೇರೆ ಕಾಲಂ ಬಂತು, ಮಧ್ಯಾಹ್ನದ ರೀಡಿಂಗ್‌ಗೆ ಇನ್ನೊಂದು. ಮಲ್ಲಪ್ಪಣ್ಣನನ್ನು ವಾಪಸ್ ಕರೆಯಿತು, ಆದರೆ ಕೊಳಕ್ಕಲ್ಲ, ಟವೆಲ್ ಕೊಡುವ ಕೌಂಟರಿಗೆ. ಬರೆಯದೆ ಎರಡು ಕ್ಯಾನು ಹಾಕಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ, ಹಾಗಾಗಿ ಮೆಮೊ ಫೈಲಿನಲ್ಲಿ ಇರುತ್ತದೆ ಎಂದಿತು. ಬರೆಯಬೇಡಿ ಎಂದವರ ಬಗ್ಗೆ ಕಮಿಟಿ ಏನನ್ನೂ ಬರೆಯಲಿಲ್ಲ. ತಿಂಗಳ ಬಳಿಕ ನನ್ನನ್ನು ಕೊಳಕ್ಕೇ ಹಾಕಿದರು. ಮಲ್ಲಪ್ಪಣ್ಣನನ್ನು ಬಿಟ್ಟರೆ ಯಂತ್ರ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಮಲ್ಲಪ್ಪಣ್ಣ ನಿವೃತ್ತರಾಗುವವರೆಗಿನ ಆ ಮೂರು ವರ್ಷ ನನ್ನ ಕೆಲಸದ ಅತ್ಯುತ್ತಮ ವರ್ಷಗಳು ಎಂದರೆ ವಿಚಿತ್ರ ಅನ್ನಿಸಬಹುದು. ಬೆಳಿಗ್ಗೆ ಆರಕ್ಕೆ ನೀರು ಅಲುಗದೆ ಮಲಗಿರುತ್ತಿತ್ತು. ಮೇಲೆ ವಿಮಾನ ಇಳಿಯುವಾಗ ಅದರ ಹೊಟ್ಟೆ ನೀರಿನಲ್ಲಿ ಕಾಣುತ್ತಿತ್ತು. ನಾನು ಮಾತ್ರೆ ಹಾಕಿ, ಕೊಳವೆ ಹಿಡಿದು ಟವೆಲ್ ಕೌಂಟರಿಗೆ ಹೋಗುತ್ತಿದ್ದೆ. ಮಲ್ಲಪ್ಪಣ್ಣನನ್ನು ಬೆಳಗಿನ ಪಾಳಿಗೆ ಹಾಕಿದ್ದರು. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಬಾಟಲಿ ನೀರ ಬೆರಸಿ ನೋಡಿದ್ಯೇನು?"

"ಇಷ್ಟು ಬಣ್ಣ ಬಂದಿದೆ, ಇನ್ನೆಂಥದ್ದು ಬೆರೆಸುವುದು?"

"ಬಣ್ಣ ಬಂದ್ರೂ ಬೆರಸು. ನಿನ್ನ ಕಣ್ಣಿನ ಮ್ಯಾಲ ನನಗ ಭರವಸಿ ಇಲ್ಲ."

ಟವೆಲ್ ಪಡೆಯಲು ನಿಂತ ಸದಸ್ಯರಿಗೆ ಕೇಳುವಂತೆಯೇ ಹೇಳುತ್ತಿದ್ದರು. ನಾನು ಮತ್ತೆ ಹೋಗಿ ಬೆರೆಸಿ ನೋಡುತ್ತಿದ್ದೆ. ಮೂರು ವರ್ಷ ಹೀಗೆ ನಡೆಯಿತು. ಕೊಳದ ಹತ್ತಿರ ಬರುವುದಕ್ಕೆ ಅವರಿಗೆ ಅನುಮತಿ ಇರಲಿಲ್ಲ. ಕೊಳವೆ ಕೌಂಟರಿಗೆ ಬರಬಾರದು ಎಂದು ಯಾರೂ ಹೇಳಿರಲಿಲ್ಲ.

ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿದರು. ಅವರು ಕಮಿಟಿಯನ್ನು ಒಂದೇ ಕೇಳಿದರು: ಮೆಮೊ ತೆಗೆಯಿರಿ. ನೋಡುತ್ತೇವೆ ಎಂದರು. ಅದಾದ ಮೇಲೆ ನಾನು ಮೂರು ಅರ್ಜಿ ಕೊಟ್ಟೆ. ನಾಲ್ಕನೆಯದನ್ನು ನನ್ನ ನಿವೃತ್ತಿಯ ಮರುದಿನ ಕೊಟ್ಟೆ.

ಕಳೆದ ತಿಂಗಳು ಉತ್ತರ ಬಂತು. ಈಗಿನ ಕಮಿಟಿಯವರೆಲ್ಲ ಹೊಸಬರು. ಹಿಂದೊಂದು ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಹಳೆಯ ಸಿಬ್ಬಂದಿ ಫೈಲುಗಳು ಹಾಳಾಗಿವೆ, ಇಲ್ಲದ ಮೆಮೊವನ್ನು ರದ್ದು ಮಾಡಲು ಬರುವುದಿಲ್ಲ ಎಂದು ಬರೆದಿದ್ದರು. ಪತ್ರ ಹಿಡಿದು ಧಾರಾವಿಗೆ ಹೋಗಿ ಓದಿ ಹೇಳಿದೆ.

"ಹಂಗಾರ ಮೆಮೊ ಐತೋ, ಇಲ್ಲೋ?" ಮಲ್ಲಪ್ಪಣ್ಣ ಕೇಳಿದರು.

"ಇಲ್ಲ. ನೀರಲ್ಲಿ ಹೋಗಿದೆ."

"ಮಲ್ಲಪ್ಪಂದು ತಪ್ಪಿಲ್ಲ ಅಂತ ಬರದಾರೇನು?"

"ಇಲ್ಲ."

"ಮತ್ತ ಏನ ಬಂತು ಅದು?" ಪತ್ರವನ್ನು ಮಡಿಸಿ ನನಗೇ ಕೊಟ್ಟರು.

ಅದನ್ನು ಕುಸುಮಾ ಟೀಚರಿಗೆ ತೋರಿಸಿದೆ. ಅವರಿಗೆ ಈಗ ಎಪ್ಪತ್ತೊಂಬತ್ತು, ಕೋಲು ಹಿಡಿದು ನಡೆಯುತ್ತಾರೆ. 2017ರ ಎರಡು ಪುಟಗಳ ಪ್ರತಿ ಅವರ ಬಳಿ ಇತ್ತು. ಮಲ್ಲಪ್ಪಣ್ಣನ ಮೇಲಿನ ಆರೋಪ ತಪ್ಪು ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು ಎಂಬ ಠರಾವನ್ನು ಅದರ ಜೊತೆಗಿಟ್ಟು ಕ್ಲಬ್ಬಿಗೆ ಕಳಿಸಿದರು. ವಾರ್ಷಿಕ ಸಭೆಯಲ್ಲಿ ಸದಸ್ಯರು ಮಾತ್ರ ಮಾತಾಡಬಹುದು. ಅವರು ಹೆಸರು ಕೊಟ್ಟಿದ್ದಾರೆ. ಠರಾವು ವಿಷಯಪಟ್ಟಿಯಲ್ಲಿ ಏಳನೆಯದು.

ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ನಿವೃತ್ತ ಸಿಬ್ಬಂದಿ ಹಿಂದಿನ ಸಾಲಿನಲ್ಲಿ ಕೂರಬಹುದು ಎಂದು ಕ್ಲಬ್ಬಿನವರು ತಿಳಿಸಿದ್ದಾರೆ. ತಾನು ಬರುವುದಿಲ್ಲ ಎಂದು ಮಲ್ಲಪ್ಪಣ್ಣ ನಿನ್ನೆ ಹೇಳಿದರು. ಅವರು ಬಿಳಿ ಅಂಗಿಯನ್ನು ಇಸ್ತ್ರಿಗೆ ಕೊಟ್ಟಿದ್ದಾರೆ ಎಂದು ಅವರ ಸೊಸೆ ಇವತ್ತು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದರು.